ದಾರಿ ಕಿರಿದು, ಕಾಯಬೇಕಾದವರು ಯಾರು?

(ಪೆರ್ಡೂರಿನಲ್ಲಿ ವಾಹನ ಚಾಲಕರೂ ಸೈಕಲ್ ಸವಾರರೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ರಸ್ತೆಯ ಮೇಲೆ ಭಾಷಣವೆಂದರೆ ಜನ ಸಾಮಾನ್ಯವಾಗಿ ಎರಡು ಮಾತುಗಳನ್ನು ನಿರೀಕ್ಷಿಸುತ್ತಾರೆ. ಒಂದು, ಹೊಂಡ ಮುಚ್ಚಲಿಲ್ಲವೆಂಬ ದೂರು. ಇನ್ನೊಂದು, ನಿಧಾನವಾಗಿ ಹೋಗಿರೆಂಬ ಉಪದೇಶ. ದೂರಿನ ಮಾತು ಮುಂದೆ ಬರುತ್ತದೆ. ಉಪದೇಶ ಮಾಡುವ ಯೋಗ್ಯತೆ ಮಾತ್ರ ನಮಗಿಲ್ಲ. ಏಕಿಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಮರ್ಯಾದೆ.

ಕೆಲವು ವರ್ಷಗಳ ಹಿಂದಿನ ಮಾತು. ಆಷಾಢದ ಮಳೆ. ಸಂಜೆ ಶಾಲೆ ಬಿಟ್ಟ ಹೊತ್ತು. ನಾವು ಇಲ್ಲಿಂದ ಕುಕ್ಕೆಹಳ್ಳಿಯ ಕಡೆಗೆ ಕಾರಿನಲ್ಲಿ ಹೋಗುತ್ತಿದ್ದೆವು. ಸ್ಟೇರಿಂಗ್ ನಮ್ಮ ಕೈಯಲ್ಲೇ ಇತ್ತು. ಒಂದು ಸಭೆಗೆ ತಡವಾಗಿತ್ತು. ಮುಂದೆ ಆರೇಳು ಮಕ್ಕಳು ಸೈಕಲ್ಲಿನ ಮೇಲೆ, ಚೀಲವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು, ಮಾತಾಡುತ್ತಾ ಹೋಗುತ್ತಿದ್ದರು. ನಾವು ಹಾರ್ನು ಹೊಡೆದೆವು. ಒಮ್ಮೆ ಅಲ್ಲ, ಎರಡು ಸಲ, ಉದ್ದಕ್ಕೆ. ಮುಂದಿದ್ದ ಮಕ್ಕಳು ಹೇಗೋ ಬದಿಗೆ ಸರಿದರು. ಕೊನೆಯ ಹುಡುಗನ ಚಕ್ರ ಡಾಮರಿನ ಅಂಚಿನಿಂದ ಕೆಳಗೆ ಜಾರಿತು. ಅಲ್ಲಿ ಅಂಚಿನ ಮಣ್ಣು ಮಳೆಗೆ ಕೊಚ್ಚಿ ಹೋಗಿ ಒಂದು ಗೇಣು ಇಳಿದಿತ್ತು. ಹುಡುಗ ಸೈಕಲ್ ಸಮೇತ ತೋಡಿಗೆ ಬಿದ್ದ. ಎಡಗೈಯ ಮಣಿಕಟ್ಟು ಮುರಿಯಿತು.

ನಮ್ಮ ಕಾರು ಅವನನ್ನು ಮುಟ್ಟಿರಲಿಲ್ಲ. ಪೊಲೀಸರ ಪುಸ್ತಕದಲ್ಲಿ ಅದು ಅಪಘಾತವಾಗಿಯೂ ದಾಖಲಾಗಲಿಲ್ಲ. ಹುಡುಗನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವಾಗ, ಹಿರಿಯರ ದೊಡ್ಡಸ್ತಿಕೆ ಬಿಡದೆ, "ಹಾರ್ನು ಕೇಳಲಿಲ್ಲವೇನಪ್ಪಾ?" ಎಂದು ಕೇಳಿದೆವು. ಅವನು ನೋವಿನಲ್ಲಿಯೂ ವಿನಯದಿಂದ, "ಕೇಳಿತು ಸರ್. ಆದರೆ ಹೋಗುವುದೆಲ್ಲಿಗೆ?" ಎಂದ.

ಮಿತ್ರರೇ, ಆ ಹುಡುಗನ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಹೊತ್ತಿನ ನಮ್ಮ ಭಾಷಣ.

ಅಳತೆಯ ಲೆಕ್ಕ

ಮೊದಲು ಅಳತೆಪಟ್ಟಿ ಹಿಡಿಯೋಣ. ಹಳ್ಳಿಯ ಒಂದು ಸಾಲಿನ ಡಾಮರು ರಸ್ತೆಗೆ ಗೊತ್ತು ಮಾಡಿದ ಅಗಲ 3.75 ಮೀಟರು, ವಾಹನ ಸಂಚಾರ ಕಡಿಮೆಯಿರುವ ಕಡೆ 3 ಮೀಟರು. ಬಸ್ಸಿನ ಮೈ ಅಗಲ ಸುಮಾರು 2.5 ಮೀಟರು. ಬಸ್ಸು ಬಲದಂಚಿಗೆ ಅಂಟಿಕೊಂಡು ಹೋದರೂ ಎಡಕ್ಕೆ ಉಳಿಯುವುದು ಒಂದೂಕಾಲು ಮೀಟರು. ಸೈಕಲ್ಲು ನೇರ ಗೆರೆ ಎಳೆದಂತೆ ಹೋಗುವ ಯಂತ್ರವಲ್ಲ. ತುಳಿದಂತೆಲ್ಲ ಆಚೀಚೆ ತೂಗುತ್ತದೆ. ಅದಕ್ಕೆ ಏನಿಲ್ಲವೆಂದರೂ ಒಂದು ಮೀಟರು ಬೇಕು. ಹಾಗಾದರೆ ಸವಾರನ ಮೊಣಕೈಗೂ ಬಸ್ಸಿನ ತಗಡಿಗೂ ನಡುವೆ ಉಳಿಯುವುದೆಷ್ಟು? ಕಾಲು ಮೀಟರು. ನಮ್ಮ ಹಿರಿಯರ ಅಳತೆಯಲ್ಲಿ ಒಂದು ಗೇಣು.

ಬ್ರಿಟನ್ನಿನಲ್ಲಿ 2022ರ ಜನವರಿಯಲ್ಲಿ ತಿದ್ದಿದ ರಸ್ತೆ ನಿಯಮಾವಳಿ, ಸೈಕಲ್ಲನ್ನು ದಾಟುವ ಮೋಟಾರು ಕನಿಷ್ಠ ಒಂದೂವರೆ ಮೀಟರು ಬಿಟ್ಟು ಹೋಗಬೇಕೆನ್ನುತ್ತದೆ; ವೇಗ ಹೆಚ್ಚಿದ್ದರೆ ಇನ್ನೂ ಹೆಚ್ಚು. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರು, ಊರ ಹೊರಗೆ ಎರಡು ಮೀಟರು. ಅಲ್ಲಿಯ ಎರಡು ಮೀಟರಿನ ಜಾಗದಲ್ಲಿ ನಮ್ಮಲ್ಲಿರುವುದು ಒಂದು ಗೇಣು. ಆ ಗೇಣಿನಲ್ಲಿಯೇ ನಮ್ಮ ಮಕ್ಕಳು ದಿನಕ್ಕೆರಡು ಸಲ ಜೀವ ಉಳಿಸಿಕೊಳ್ಳಬೇಕು.

ಇದರಿಂದ ಸ್ಪಷ್ಟವಾಗುವುದೇನು? ಇಂಥ ರಸ್ತೆಯಲ್ಲಿ ಸೈಕಲ್ಲು ಮುಂದಿರುವಾಗ ಬಸ್ಸು ದಾಟಿ ಹೋಗುವುದು ಸಾಧ್ಯವೇ ಇಲ್ಲ. ಒಬ್ಬರು ಡಾಮರು ಬಿಟ್ಟು ಇಳಿಯಬೇಕು, ಇಲ್ಲವೇ ಒಬ್ಬರು ಕಾಯಬೇಕು. ಇದು ಸಭ್ಯತೆಯ ಪ್ರಶ್ನೆಯೂ ಅಲ್ಲ, ಹಕ್ಕಿನ ಜಗಳವೂ ಅಲ್ಲ. ಸಾದಾ ಕಳೆಯುವ ಲೆಕ್ಕ. ಇಷ್ಟು ದಿನ ಡಾಮರು ಬಿಟ್ಟು ಇಳಿದವರು ಯಾರೆಂಬುದು ಇಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು.

ಭಾರ ಹೆಚ್ಚಿದ್ದವನ ಜವಾಬ್ದಾರಿ ಹೆಚ್ಚು

ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿನಲ್ಲಿ ಎಂಟು ಮೀಟರು ಮುಂದೆ ಹೋಗುತ್ತದೆ. 60ರಲ್ಲಿ ಹದಿನಾರೂವರೆಗೂ ಮಿಕ್ಕಿ. ಚಾಲಕನ ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವುದಕ್ಕೇ ಒಂದು ಸೆಕೆಂಡು ಬೇಕು. ಒದ್ದೆ ಡಾಮರಿನ ಮೇಲೆ 30ರ ವೇಗದವನು ಸುಮಾರು 17 ಮೀಟರಿನಲ್ಲಿ ನಿಂತಾನು. 60ರವನಿಗೆ 50 ಮೀಟರು ಬೇಕು. ವೇಗ ಎರಡರಷ್ಟು, ದೂರ ಮೂರರಷ್ಟು. ಹಾಡಿಯ ನಡುವಿನ ತಿರುವಿನಲ್ಲಿ 50 ಮೀಟರು ಮುಂದೆ ಕಾಣುವ ಜಾಗಗಳೆಷ್ಟಿವೆಯೆಂದು ಈ ಕಡೆ ವಾಹನ ನಡೆಸುವವರು ತಾವೇ ಎಣಿಸಿಕೊಳ್ಳಿ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ರಸ್ತೆಯ ಮೇಲೆ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ 71 ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರಕಾರದ ವರದಿಯೇ ಹೇಳುತ್ತದೆ.

ಕಾನೂನೂ ಈ ಅರ್ಥವನ್ನೇ ಹಿಡಿದಿದೆ. 2017ರ ಮೋಟಾರು ವಾಹನ ಚಾಲನಾ ನಿಯಮಗಳು, ಪಾದಚಾರಿಗಳು, ಸೈಕಲ್ ಸವಾರರು, ಮಕ್ಕಳು, ಮುದುಕರು, ಅಂಗವಿಕಲರು ಇವರ ವಿಷಯದಲ್ಲಿ ಚಾಲಕ ವಿಶೇಷ ಎಚ್ಚರ ವಹಿಸಬೇಕೆನ್ನುತ್ತವೆ. ಘಟ್ಟದ ರಸ್ತೆಯಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂಬ ಹಳೆಯ ನಿಯಮ ಆಗುಂಬೆ ಘಾಟಿಯ ಪ್ರತಿಯೊಬ್ಬ ಚಾಲಕನಿಗೂ ಬಾಯಿಪಾಠ. ಅದರ ತಿರುಳೇನು? ಕಷ್ಟದಲ್ಲಿರುವವನಿಗೆ ಮೊದಲ ದಾರಿ. ಲಾರಿಗೆ ಲಾರಿ ತೋರಿಸುವ ಆ ಮರ್ಯಾದೆಯನ್ನು ಸೈಕಲ್ಲಿಗೂ ತೋರಿಸಿರೆಂಬುದಷ್ಟೇ ನಮ್ಮ ಬೇಡಿಕೆ. ಏರು ಹತ್ತುವ ಸೈಕಲ್ಲಿನವನಿಗಿಂತ ಹೆಚ್ಚು ಕಷ್ಟದಲ್ಲಿರುವವನು ರಸ್ತೆಯ ಮೇಲೆ ಯಾರಿದ್ದಾನೆ?

ಕಾದರೆ ನಷ್ಟವೆಷ್ಟು ಎಂದೂ ನೋಡಿಬಿಡೋಣ. 40ರ ವೇಗದಲ್ಲಿ ಅರ್ಧ ಕಿಲೋಮೀಟರು ಕ್ರಮಿಸಲು 45 ಸೆಕೆಂಡು ಬೇಕು. ಸೈಕಲ್ಲುಗಳ ಹಿಂದೆ 20ರ ವೇಗದಲ್ಲಿ ಹೋದರೆ 90 ಸೆಕೆಂಡು. ನಷ್ಟ ಮುಕ್ಕಾಲು ನಿಮಿಷ. ಒಂದು ವೀಳ್ಯ ಹಾಕಿಕೊಳ್ಳುವ ಹೊತ್ತು.

ಚಾಲಕನಿಗೆ ಆ ಮುಕ್ಕಾಲು ನಿಮಿಷ ಯಾರ ಕೈಯಲ್ಲಿದೆ?

ಇಷ್ಟು ಹೇಳಿ ಕುಳಿತುಬಿಟ್ಟರೆ ಚಾಲಕ ಬಂಧುಗಳಿಗೆ ಅನ್ಯಾಯ ಮಾಡಿದಂತಾದೀತು. ಈ ಸಭೆಗೆ ಬರುವ ಮೊದಲು ಬಹಳ ಕಾಲದ ಪರಿಚಯದ ಒಬ್ಬ ಬಸ್ ಚಾಲಕರೊಡನೆ ಮಾತಾಡಿದೆವು. ಅವರು ಹೇಳಿದ್ದು ಇಷ್ಟು: "ನಾನು ನಿಧಾನ ಮಾಡಿದರೆ ಹಿಂದಿನ ಬಸ್ಸಿನವ ಮುಂದಿನ ಸ್ಟಾಪಿನ ಜನ ಎತ್ತಿಕೊಂಡು ಹೋಗ್ತಾನೆ. ಟೈಮು ತಪ್ಪಿದರೆ ನಿಲ್ದಾಣದಲ್ಲಿ ಜಗಳ. ಸಂಜೆ ಕಲೆಕ್ಷನ್ ಕಡಿಮೆಯಾದರೆ ಧಣಿಗಳಿಗೆ ಲೆಕ್ಕ ಹೇಳುವವ ನಾನು. ಮಕ್ಕಳನ್ನು ಕಂಡರೆ ನನಗೂ ಹೆದರಿಕೆಯೇ. ನನ್ನ ಮಗಳೂ ಸೈಕಲ್ಲಿನಲ್ಲೇ ಹೋಗುವುದು."

ಈ ಮಾತಿನಲ್ಲಿ ಇಡೀ ರೋಗದ ಮೂಲವಿದೆ. ಹಾರ್ನಿನ ಮೇಲೆ ಒತ್ತುವ ಕೈ ಚಾಲಕನದು. ಆ ಕೈಯನ್ನು ಹಿಂದಿನಿಂದ ತಳ್ಳುವುದು ವೇಳಾಪಟ್ಟಿ ಮತ್ತು ಕಲೆಕ್ಷನ್. ಟಿಪ್ಪರಿನವರಿಗೆ ಟ್ರಿಪ್ಪಿನ ಲೆಕ್ಕದ ಮೇಲೆ ಕೂಲಿಯಾದರೆ ಅಲ್ಲಿಯೂ ಇದೇ ಕಥೆ: ಎಷ್ಟು ಟ್ರಿಪ್ಪೋ ಅಷ್ಟು ಅನ್ನ. ಒಬ್ಬನ ಅನ್ನವನ್ನು ವೇಗಕ್ಕೆ ಕಟ್ಟಿಹಾಕಿ, ಆಮೇಲೆ ಅವನಿಗೆ ನಿಧಾನದ ಉಪದೇಶ ಮಾಡುವುದು ಕಪಟ.

1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆಯೆಂದು ಗೆರೆ ಎಳೆಯಿತು. ಬೆಳಗಿನ ಮೊದಲ ಬಸ್ಸು ಹೊರಡಿಸಿದವರೇ ರಾತ್ರಿಯ ಕೊನೆಯ ಟ್ರಿಪ್ಪನ್ನೂ ಮುಗಿಸುವುದನ್ನು ಕಂಡವರು ಈ ಸಭೆಯಲ್ಲಿ ಎಷ್ಟು ಮಂದಿಯಿಲ್ಲ? ದಣಿದ ಕಣ್ಣಿಗೆ ಸೈಕಲ್ಲು ತಡವಾಗಿ ಕಾಣುತ್ತದೆ.

ಆದುದರಿಂದ ನಮ್ಮ ಮೊದಲ ಬೇಡಿಕೆ ಚಾಲಕನ ಮೇಲಲ್ಲ. ಬಸ್ಸಿನ ವೇಳೆಯನ್ನು ಗೊತ್ತುಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಶಾಲೆ ಕೂಡುವ ಮತ್ತು ಬಿಡುವ ಹೊತ್ತಿನ ಟ್ರಿಪ್ಪುಗಳಿಗೆ ಐದು ನಿಮಿಷ ಹೆಚ್ಚು ಕೊಡಲಿ. ಎಲ್ಲ ಬಸ್ಸಿಗೂ ಒಂದೇ ಸಮನೆ ಕೊಟ್ಟರೆ ಯಾರ ಜನವನ್ನೂ ಯಾರೂ ಕಸಿಯುವಂತಿಲ್ಲ. ಈ ಅರ್ಜಿಗೆ ಮೊದಲ ಸಹಿ ಚಾಲಕರದಾಗಲಿ, ಎರಡನೆಯದು ಸೈಕಲ್ಲಿನವರದಾಗಲಿ. ಇಬ್ಬರೂ ಕೂಡಿ ಕೇಳಿದರೆ ಇಲ್ಲವೆನ್ನುವುದು ಕಷ್ಟ.

"ತೆರಿಗೆ ಕಟ್ಟದವರಿಗೆ ರಸ್ತೆ ಏಕೆ?"

ಚಹದ ಅಂಗಡಿಯಲ್ಲಿ ಈ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಹಳಬರಿಗೆ ನೆನಪಿರಬಹುದು: ಸೈಕಲ್ಲಿಗೂ ತೆರಿಗೆ ಕಟ್ಟಿ, ಹಿತ್ತಾಳೆಯ ಬಿಲ್ಲೆ ಸಿಕ್ಕಿಸಿಕೊಂಡು ತಿರುಗಿದ ಕಾಲವೂ ಇತ್ತು. ಇಂದೂ ಸೈಕಲ್ ಕೊಳ್ಳುವವನು ಜಿ.ಎಸ್.ಟಿ. ಕೊಟ್ಟೇ ಕೊಳ್ಳುತ್ತಾನೆ, 2025ರ ಸೆಪ್ಟೆಂಬರದವರೆಗೆ ಅದು ನೂರಕ್ಕೆ 12 ಇತ್ತು, ಆಮೇಲೆ 5ಕ್ಕೆ ಇಳಿಯಿತು. ಹಳ್ಳಿಯ ರಸ್ತೆ ಹಾಕಿದ ಹಣ ಬೆಂಕಿಪೊಟ್ಟಣ ಕೊಂಡವನಿಂದಲೂ ಬಂದ ಹಣವೇ.

ಇನ್ನು ರಸ್ತೆ ಸವೆಯುವ ಮಾತು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ಓಡಿಸಿ ಒಂದು ದೊಡ್ಡ ಪರೀಕ್ಷೆ ನಡೆಸಿದರು. ಅಚ್ಚಿನ ಮೇಲಿನ ಭಾರ ಎರಡರಷ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರರಷ್ಟೆಂದು ಅಲ್ಲಿ ಕಂಡುಬಂತು. ಒಂದು ಟನ್ ಹೊರುವ ಅಚ್ಚಿಗಿಂತ ಹತ್ತು ಟನ್ ಹೊರುವ ಅಚ್ಚು ಹತ್ತು ಸಾವಿರ ಪಟ್ಟು ಹಾನಿ ಮಾಡುತ್ತದೆ. ಈ ಲೆಕ್ಕದಲ್ಲಿ ಸೈಕಲ್ಲಿನ ಪಾಲು ಬರೆಯಲು ಸೊನ್ನೆಗಳೇ ಸಾಲವು. ಜಲ್ಲಿ, ಮುರಕಲ್ಲು ಹೊತ್ತ ಲಾರಿ ರಸ್ತೆ ಒಡೆಯುತ್ತದೆ; ಒಡೆದ ಅಂಚಿನಿಂದ ಹುಡುಗ ತೋಡಿಗೆ ಬೀಳುತ್ತಾನೆ. ಯಾರಿಗೆ ರಸ್ತೆ ಏಕೆಂದು ಕೇಳುವ ಮೊದಲು ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಭಾನುವಾರದ ಸವಾರರಿಗೆ

ಈಗ ಇನ್ನೊಂದು ಪಂಗಡದ ಕಡೆ ತಿರುಗುತ್ತೇವೆ. ಭಾನುವಾರ ಬೆಳಕು ಹರಿಯುವ ಮೊದಲು ಉಡುಪಿ, ಮಣಿಪಾಲದ ಕಡೆಯಿಂದ ಹದಿನೈದು ಇಪ್ಪತ್ತು ಜನರ ಗುಂಪು ಪೆರ್ಡೂರಿನ ಮೇಲಿಂದ ಹೆಬ್ರಿ, ಸೋಮೇಶ್ವರ, ಆಗುಂಬೆಯ ಕಡೆಗೆ ಸೈಕಲ್ ತುಳಿಯುತ್ತಾ ಹೋಗುತ್ತದೆ. ತಲೆಗೆ ಟೋಪಿ, ಮೈಗೆ ಬಿಗಿಯಾದ ಬಟ್ಟೆ. ಕೆಲವು ಸೈಕಲ್ಲುಗಳ ಬೆಲೆ ಲಕ್ಷ ರೂಪಾಯಿಗೂ ಮಿಕ್ಕಿದ್ದು. "ಹೊಟ್ಟೆ ತುಂಬಿದವರ ಶೋಕಿ" ಎಂದು ನಮ್ಮ ಚಾಲಕರು ಗೊಣಗುವುದುಂಟು. ಗೊಣಗಾಟದಲ್ಲಿ ಸ್ವಲ್ಪ ನಿಜವಿರಬಹುದು; ನ್ಯಾಯವಿಲ್ಲ. ಲಕ್ಷ ರೂಪಾಯಿಯ ಸೈಕಲ್ಲಿಗೂ ಶಾಲೆಯ ಹುಡುಗಿಯ ಸೈಕಲ್ಲಿಗೂ ಬೇಕಾದದ್ದು ಅದೇ ಒಂದು ಮೀಟರು. ಬಿದ್ದಾಗ ಮುರಿಯುವ ಎಲುಬೂ ಒಂದೇ.

ಆದರೆ ಸವಾರ ಮಿತ್ರರೇ, ನಿಮಗೂ ಒಂದು ಲೆಕ್ಕವಿದೆ. ಇಪ್ಪತ್ತು ಮಂದಿ ಒಬ್ಬರ ಹಿಂದೊಬ್ಬರು ಹೋದರೆ ಸಾಲು ನೂರು ಮೀಟರು ಉದ್ದವಾಗುತ್ತದೆ. ನಿಮ್ಮ ವೇಗ 20, ಬಸ್ಸಿನದು 40 ಎಂದಿಟ್ಟುಕೊಳ್ಳಿ. ಎರಡು ಸಾಲಿನ ರಸ್ತೆಯಲ್ಲಿಯೂ ನಿಮ್ಮನ್ನು ಪೂರ್ತಿ ದಾಟಲು ಬಸ್ಸಿಗೆ ಇಪ್ಪತ್ತಮೂರು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಅದು ಎದುರಿನವರ ಬದಿಯಲ್ಲಿ 250 ಮೀಟರಿಗೂ ಹೆಚ್ಚು ಓಡಬೇಕು. ಅಷ್ಟು ನೇರ ರಸ್ತೆ ಈ ಗುಡ್ಡೆಗಳ ನಡುವೆ ಎಲ್ಲಿದೆ? ನಡುವೆ ತಿರುವು ಬಂದರೆ ಚಾಲಕ ಒಳಕ್ಕೆ ನುಗ್ಗುವುದು ನಿಮ್ಮ ಮೇಲೆಯೇ.

ಅದನ್ನೇ ಐದಾರು ಜನರ ಚಿಕ್ಕ ಗುಂಪುಗಳಾಗಿ ಒಡೆಯಿರಿ. ಗುಂಪಿಗೂ ಗುಂಪಿಗೂ ನಡುವೆ ಒಂದು ಬಸ್ಸು ನೆಮ್ಮದಿಯಾಗಿ ಸೇರಿಕೊಳ್ಳುವಷ್ಟು ಜಾಗ ಬಿಡಿ. ಒಂದೊಂದು ಗುಂಪು ದಾಟಲು ಹತ್ತು ಹನ್ನೊಂದು ಸೆಕೆಂಡು, 120 ಮೀಟರು ಸಾಕು. ಒಂದು ಸಾಲಿನ ರಸ್ತೆಯಲ್ಲಿ, ಹಿಂದೆ ವಾಹನ ಕಾದಿದೆಯೆಂದಾಗ, ಅಗಲವಾದ ಅಂಗಳವೋ ಬಸ್ ನಿಲ್ಲುವ ಜಾಗವೋ ಸಿಕ್ಕಲ್ಲಿ ಪಕ್ಕಕ್ಕೆ ನಿಂತು ದಾರಿ ಬಿಡಿ. ಕಾದವನಿಗೆ ಒಮ್ಮೆ ಕೈಯೆತ್ತಿ ನಮಸ್ಕಾರ ಹೇಳಿ; ಮುಂದಿನ ಸಲ ಅವನು ಇನ್ನೂ ಸ್ವಲ್ಪ ಹೆಚ್ಚು ಕಾಯುತ್ತಾನೆ. ಸಮಾನಾಂತರವಾಗಿ ಹೋಗುತ್ತಾ ಹರಟುವುದು ತಿರುವಿನಲ್ಲಿ ಬೇಡ. ಮಂಜಿನಲ್ಲಿ, ಮಳೆಯಲ್ಲಿ, ಬೆಳಗಾಗುವ ಮುಂಚೆ ಹಿಂದೆ ಕೆಂಪು ದೀಪವಿರಲಿ.

ಇನ್ನೊಂದು ಮಾತು. ನಿಮ್ಮಲ್ಲಿ ಅಧಿಕಾರಿಗಳಿದ್ದೀರಿ, ಡಾಕ್ಟರರಿದ್ದೀರಿ, ಇಂಜಿನಿಯರರಿದ್ದೀರಿ. ನಿಮ್ಮ ಕಾಗದ ಕಚೇರಿಯ ಮೇಜಿನವರೆಗೆ ಹೋಗುತ್ತದೆ. ಶಾಲೆಯ ಹುಡುಗನದು ಹೋಗುವುದಿಲ್ಲ. ಭಾನುವಾರ ನೀವು ಕೇಳುವ ಜಾಗ, ಸೋಮವಾರದಿಂದ ಶನಿವಾರದವರೆಗೆ ಅವನ ಜಾಗ. ನಿಮಗಾಗಿ ಕೇಳುವಾಗ ಅವನಿಗಾಗಿಯೂ ಕೇಳಿ.

ಅಗಲ ಮಾಡಿದರೆ ಮುಗಿಯಿತೇ?

ಕೆಲವರು, "ರಸ್ತೆ ಅಗಲ ಮಾಡಿಬಿಟ್ಟರೆ ಇದೆಲ್ಲ ತೊಂದರೆಯೇ ಇಲ್ಲ" ಎನ್ನುತ್ತಾರೆ. ಮಲ್ಪೆಯಿಂದ ತೀರ್ಥಹಳ್ಳಿಗೆ ಹೋಗುವ 169ಎ ರಾಷ್ಟ್ರೀಯ ಹೆದ್ದಾರಿ ನಮ್ಮ ಊರ ನಡುವೆಯೇ ಹಾದುಹೋಗುತ್ತದೆ. ಅದನ್ನು ಅಗಲಿಸುವ ಕೆಲಸವನ್ನು ನಾವೆಲ್ಲ ಕಂಡಿದ್ದೇವೆ. ಹೆದ್ದಾರಿ ಅಗಲವಾದಾಗ ವೇಗವೂ ಹೆಚ್ಚುತ್ತದೆ. ಆ ವೇಗಕ್ಕೆ ಒಗ್ಗಿದ ಕಾಲು, ಹರಿಖಂಡಿಗೆಗೋ ಕುಕ್ಕೆಹಳ್ಳಿಗೋ ತಿರುಗಿದ ಮೇಲೂ ಅಷ್ಟೇ ಒತ್ತುತ್ತದೆ. ಒಳರಸ್ತೆಗಳನ್ನೆಲ್ಲ ಅಗಲಿಸುವುದಾದರೆ ಬಡವನ ಹತ್ತು ಸೆಂಟ್ಸಿನ ಅಂಗಳ ಹೋಗುತ್ತದೆ, ಬೈಲಿನ ಗದ್ದೆ ಹೋಗುತ್ತದೆ. ಅಷ್ಟು ಕಳೆದುಕೊಂಡು ಪಡೆಯುವುದು ಇನ್ನಷ್ಟು ವೇಗವಾದರೆ ಏನು ಬಂತು?

ಅದಕ್ಕಿಂತ ಕಡಿಮೆ ಖರ್ಚಿನ ನಾಲ್ಕು ಕೆಲಸಗಳಿವೆ. ಒಂದು: ಡಾಮರಿನ ಅಂಚಿನಲ್ಲಿ ಕೊಚ್ಚಿಹೋದ ಮಣ್ಣನ್ನು ಪ್ರತಿ ಮಳೆಗಾಲದ ಮುಂಚೆ ಮತ್ತು ಅನಂತರ ತುಂಬಿ, ಡಾಮರಿನ ಮಟ್ಟಕ್ಕೆ ಗಟ್ಟಿ ಮಾಡುವುದು. ಎರಡು: ಇನ್ನೂರು ಮುನ್ನೂರು ಮೀಟರಿಗೊಂದರಂತೆ, ವಾಹನ ಒಂದಕ್ಕೊಂದು ದಾರಿ ಬಿಡುವಷ್ಟು ಅಗಲದ ಜಾಗ ಮಾಡುವುದು. ಮೂರು: ತಿರುವುಗಳಲ್ಲಿ ರಸ್ತೆಗೆ ಬಾಗಿದ ಪೊದೆ ಕಡಿಯುವುದು. ನಾಲ್ಕು: ವೇಗದ ಮಿತಿ. ಕೇಂದ್ರ ಸರಕಾರದ 2018ರ ಅಧಿಸೂಚನೆ ಇತರ ರಸ್ತೆಗಳಲ್ಲಿ ಕಾರಿಗೆ ಗಂಟೆಗೆ 70 ಕಿಲೋಮೀಟರಿನವರೆಗೆ ಮಿತಿ ಕೊಟ್ಟಿತು. ಮೂರೂಮುಕ್ಕಾಲು ಮೀಟರಿನ ರಸ್ತೆಯಲ್ಲಿ ಎಪ್ಪತ್ತೇ! ಸ್ಥಳಕ್ಕೆ ತಕ್ಕಂತೆ ಇದನ್ನು ಇಳಿಸುವ ಅಧಿಕಾರ ಮೋಟಾರು ವಾಹನ ಕಾಯಿದೆಯ 112ನೆಯ ಕಲಮಿನಂತೆ ರಾಜ್ಯ ಸರಕಾರಕ್ಕಿದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಕೂಡಿದ ಲೋಕದ ಮಂತ್ರಿಗಳ ಸಮ್ಮೇಳನ, ಜನರೂ ಸೈಕಲ್ಲುಗಳೂ ಮೋಟಾರುಗಳೂ ಬೆರೆಯುವ ಕಡೆ 30 ಕಿಲೋಮೀಟರು ಸಾಕೆಂದು ಸಾರಿತು. ಶಾಲೆಯ ದಾರಿಗಳಿಗೆ ಆ ಮೂವತ್ತನ್ನೇ ನಾವು ಕೇಳುತ್ತೇವೆ. ರಸ್ತೆಯ ರಚನೆ, ದುರಸ್ತಿಯ ಲೋಪದಿಂದ ಜೀವಹಾನಿಯಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವೆಂದು 2019ರ ತಿದ್ದುಪಡಿ ಹೇಳುತ್ತದೆ. ಆ ಕಲಮು ಕಾಗದದ ಮೇಲೆಯೇ ಮಲಗಿರಬಾರದು.

ಸರಕಾರ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಕೊರೋನಾ ಬಂದ ಮೇಲೆ ಹಂಚಿಕೆ ನಿಂತುಹೋಯಿತು. ಒಳ್ಳೆಯ ಯೋಜನೆ. ಅದರಿಂದ ಎಷ್ಟೋ ಹೆಣ್ಣುಮಕ್ಕಳು ಶಾಲೆ ಬಿಡದೆ ಉಳಿದರು. ಆದರೆ ಸೈಕಲ್ ಕೊಟ್ಟವರು ಅದನ್ನು ತುಳಿಯಲು ಒಂದು ಮೀಟರು ಜಾಗ ಕೊಡಲು ಮರೆತರು. ನಾವು ತೋಡಿಗೆ ಬೀಳಿಸಿದ ಹುಡುಗನ ಸೈಕಲ್ಲೂ ಹಾಗೆ ಸಿಕ್ಕಿದ್ದೇ. ಕೈ ಕೂಡಿತು, ಸೈಕಲ್ ಹತ್ತಲು ತಾಯಿ ಬಿಡಲಿಲ್ಲ. ಆ ವರ್ಷವೆಲ್ಲ ಅವನು ನಡೆದೇ ಶಾಲೆಗೆ ಹೋದ. ರಿಪೇರಿಯ ಹಣ ನಾವು ಕೊಟ್ಟಿದ್ದೆವು. ತಾಯಿಯ ಧೈರ್ಯವನ್ನು ಕೊಡಲು ನಮ್ಮಿಂದಾಗಲಿಲ್ಲ.

ಪೆರ್ಡೂರಿಗೆ ಕಲಿಸಬೇಕಾದ್ದಿಲ್ಲ

ಕಾಯುವ ವಿದ್ಯೆ ನಮ್ಮ ಊರಿಗೆ ಹೊಸದಲ್ಲ. ಸಿಂಹ ಸಂಕ್ರಮಣದ ದಿನ ಅನಂತಪದ್ಮನಾಭನ ಸನ್ನಿಧಿಗೆ ಹೊಸ ಮದುಮಕ್ಕಳು ಬಾಳೆಹಣ್ಣಿನೊಡನೆ ಸಾಲುಗಟ್ಟಿ ಬರುತ್ತಾರೆ. ಅಂದು ಎಂಥ ಅವಸರದ ಚಾಲಕನೂ ಜನರ ನಡುವೆ ಹೆಜ್ಜೆಯ ವೇಗದಲ್ಲಿ ಸಾಗುತ್ತಾನೆ. ಕಾರಿನವನು ತಾಳುತ್ತಾನೆ, ಬಸ್ಸಿನವನೂ ತಾಳುತ್ತಾನೆ. ಯಾರ ಗಂಟೂ ಹೋಗುವುದಿಲ್ಲ. ಹಿಂದೆ ಆಟ ಮುಗಿಸಿ ಬೆಳಗಿನ ಜಾವ ಸೂಟೆ ಬೀಸಿಕೊಂಡು, ಡೈನಮೋ ದೀಪ ಮಿಣುಕಿಸಿಕೊಂಡು ಗುಂಪುಗುಂಪಾಗಿ ಮರಳುತ್ತಿದ್ದವರಿಗೆ ದಾರಿ ಬಿಟ್ಟ ರಸ್ತೆಯೂ ಇದೇ. ವರ್ಷಕ್ಕೊಂದು ದಿನ ಮದುಮಕ್ಕಳಿಗೆ ತೋರುವ ತಾಳ್ಮೆಯನ್ನು ದಿನಕ್ಕರ್ಧ ಗಂಟೆ ಶಾಲೆಯ ಮಕ್ಕಳಿಗೂ ತೋರಿರೆಂದರೆ ಅದೇನು ದೊಡ್ಡ ತ್ಯಾಗವಲ್ಲ.

ಬಂಧುಗಳೇ, "ಹೋಗುವುದೆಲ್ಲಿಗೆ?" ಎಂಬ ಪ್ರಶ್ನೆಗೆ ನಮಗೆ ತೋಚಿದ ಉತ್ತರವಿಷ್ಟು: ನೀನು ಎಲ್ಲಿಗೂ ಹೋಗಬೇಕಾಗಿಲ್ಲ ಮಗು, ಡಾಮರಿನ ಮೇಲೆಯೇ ಇರು, ಅಗಲವಾದ ಜಾಗ ಬರುವವರೆಗೆ ನಾವು ನಿನ್ನ ಹಿಂದೆ ಬರುತ್ತೇವೆ. ಈ ಮಾತನ್ನು ಹೇಳಲು ಚಾಲಕನಿಗೆ ಧೈರ್ಯ ಬರುವಂತೆ ಅವನ ವೇಳಾಪಟ್ಟಿಯನ್ನೂ ಕೂಲಿಯನ್ನೂ ಸರಿಪಡಿಸುವುದು ನಮ್ಮೆಲ್ಲರ ಕೆಲಸ. ಅರ್ಜಿಯ ಕಾಗದ ಈ ಮೇಜಿನ ಮೇಲಿದೆ. ಸಹಿ ಹಾಕದೆ ಯಾರೂ ಮನೆಗೆ ಹೋಗಬೇಡಿ. ಹೋಗುವಾಗ ನಿಧಾನವಾಗಿ ಹೋಗಿ, ಮುಂದೆ ಸೈಕಲ್ಲುಗಳಿವೆ.